ಕಾಲ್ಬೆರಳು ಆಡಿದರೆ ಮೂಳೆ ಮುರಿದಿಲ್ಲ ಅಂತಲ್ಲ

"ಕಾಲ್ಬೆರಳು ಆಡುತ್ತಿದ್ದರೆ ಮೂಳೆ ಮುರಿದಿಲ್ಲ, ಎಣ್ಣೆ ಉಜ್ಜಿ ಬಿಗಿಯಾಗಿ ಕಟ್ಟಿದರೆ ಸಾಕು." ಈ ಅರ್ಥದ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಮಾತು ತಪ್ಪು.

ಬೆರಳು ಆಡಿಸುವ ಸ್ನಾಯುಗಳೇ ಬೇರೆ. ಹಿಮ್ಮಡಿ ಮೂಳೆಯನ್ನೇ ತೆಗೆದುಕೊಳ್ಳಿ. ಅದನ್ನು ಹಿಡಿದಿರುವುದು ಮೀನಖಂಡದ ಸ್ನಾಯುವಿನಿಂದ ಇಳಿದು ಬರುವ ದಪ್ಪ ಹುರಿ, ಅಕಿಲಿಸ್. ಬಿಎಂಟಿಸಿ ಬಸ್ ಇಳಿಯುವಾಗ, ಕಿತ್ತುಹೋದ ಫುಟ್‌ಪಾತ್ ಮೇಲೆ ಕಾಲು ಜಾರಿದಾಗ ಆ ಹುರಿ ಜೋರಾಗಿ ಜಗ್ಗಿ ಮೂಳೆಯ ಚೂರನ್ನೇ ಕಿತ್ತುಕೊಂಡು ಮೇಲೆ ಹೋಗಬಹುದು. ಮೂಳೆ ಸವೆದ ಹಿರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಈ ಅಪಾಯ ಜಾಸ್ತಿ. ಆಗಲೂ ಬೆರಳು ಆಡುತ್ತವೆ!

ನನಗೆ ನಿಜಕ್ಕೂ ಆತಂಕ ತರುವುದು ಚರ್ಮದ ವಿಷಯ. ಹಿಮ್ಮಡಿಯ ಹಿಂಬದಿ ಚರ್ಮ ತೆಳು. ಮೇಲೆದ್ದ ಚೂರು ಒಳಗಿಂದ ಒತ್ತಿದರೆ ಆ ಚರ್ಮಕ್ಕೆ ರಕ್ತ ಹೋಗುವುದು ನಿಲ್ಲಬಹುದು. ಕೆಲವೇ ಗಂಟೆಗಳಲ್ಲಿ ಚರ್ಮ ಸಾಯಬಹುದು, ಆಮೇಲೆ ಸೋಂಕು. ಉಜ್ಜುವುದು, ಬಿಗಿ ಕಟ್ಟು ಇದನ್ನು ಹೆಚ್ಚಿಸುತ್ತವೆ. ಚೂರು ಸರಿದಿದ್ದರೆ ಸಾಮಾನ್ಯವಾಗಿ ಆಪರೇಷನ್ ಮಾಡಿ ಸ್ಕ್ರೂ ಹಾಕುತ್ತಾರೆ. ಮೂಳೆ ಮೆತ್ತಗಿದ್ದರೆ ಸ್ಕ್ರೂ ಸಡಿಲವಾಗುವುದೂ ಉಂಟು, ಹಾಗಾಗಿ ಮತ್ತೆ ತೋರಿಸಿಕೊಳ್ಳಬೇಕು.

ಇಂಥ ಸಂದೇಶ ಬಂದರೆ, ಯಾವ ಮೂಳೆ, ಹೇಳಿದವರು ಯಾರು ಎಂದು ಅದರಲ್ಲಿ ಇದೆಯೇ ನೋಡಿ. ಎಲ್ಲ ಮೂಳೆಗೂ ಒಂದೇ ಪರೀಕ್ಷೆ ಎಂದರೆ ಅನುಮಾನಿಸಿ. ಮೂಳೆ ಡಾಕ್ಟರನ್ನೇ ಕೇಳಿ. ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಚೂರು ಸರಿದಿದೆಯೇ ಎಂದು ಅವರು ನಿಮಗೇ ತೋರಿಸುತ್ತಾರೆ. ಹಿಮ್ಮಡಿ ಹಿಂದೆ ಚರ್ಮ ಉಬ್ಬಿ ಬಿಳಿಚಿದ್ದರೆ ನಾಳೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.