5 ಕಿಲೋ ತೂಕ, 90 ಕಿಲೋ ಕೂಲಿ

ಪೀಣ್ಯದಲ್ಲಿ ಅಳತೆ ಉಪಕರಣ ತಯಾರಿಸುವ ಗೆಳೆಯರೊಬ್ಬರು ಅಮೆರಿಕದ ಯಂತ್ರಮೇಳವೊಂದರಲ್ಲಿ ಮಳಿಗೆ ಹಾಕಿ ಬಂದಿದ್ದಾರೆ. ಆರ್ಡರ್ ಎಷ್ಟು ಸಿಕ್ಕಿತು ಎಂದು ಕೇಳಿದೆ. ಉತ್ತರ ಕೊಡದೆ ಒಂದು ಬಿಲ್ ತೆಗೆದು ಮುಂದಿಟ್ಟರು. ಯಂತ್ರ ಹಡಗು ಹತ್ತಿ ಸಮುದ್ರ ದಾಟಿದ್ದರ ಬಿಲ್ ಇರಬೇಕು ಎಂದುಕೊಂಡೆ. ಅಲ್ಲ. ಅದು ಮೇಳದ ಕಟ್ಟಡದ ಹಿಂಬಾಗಿಲಿನಿಂದ ಮಳಿಗೆಯವರೆಗಿನ ನೂರು ಗಜದ ಪ್ರಯಾಣದ್ದು.

ಸಮುದ್ರದ ಪಾಲಿನ ವಿಧಿಗಳನ್ನೆಲ್ಲ ಅವರು ಶ್ರದ್ಧೆಯಿಂದಲೇ ಮುಗಿಸಿದ್ದರು. ಮರದ ಪೆಟ್ಟಿಗೆಯಲ್ಲಿ ನಮ್ಮ ಹುಳು ಅಮೆರಿಕಕ್ಕೆ ವಲಸೆ ಹೋಗಬಾರದಲ್ಲವೇ? ಹಾಗಾಗಿ ಮರದ ಒಡಲು 56 ಡಿಗ್ರಿ ತಲುಪಿ 30 ನಿಮಿಷ ಅಲ್ಲೇ ನಿಲ್ಲುವಂತೆ ಕಾಯಿಸಿ, ಗೋಧಿ ತೆನೆಯ ಮುದ್ರೆ ಒತ್ತಿಸಿದರು. ಯಂತ್ರವನ್ನು ಅಲ್ಲಿ ಮಾರುವುದಿಲ್ಲ, ತಿರುಗಿ ಕರೆತರುತ್ತೇವೆ ಎಂದು ಕಾರ್ನೆಟ್ ಎಂಬ ಕಾಗದದ ಕಟ್ಟು ಮಾಡಿಸಿ ಠೇವಣಿ ಇಟ್ಟರು. ಮಗಳನ್ನು ಹಾಸ್ಟೆಲಿಗೆ ಕಳಿಸುವಾಗಲೂ ಇಷ್ಟು ಸಹಿ ಹಾಕಿರಲಿಲ್ಲವಂತೆ. ಇರಲಿ, ಇವಕ್ಕೆಲ್ಲ ಒಂದು ಅರ್ಥವಾದರೂ ಇದೆ.

ಅರ್ಥ ನಿಲ್ಲುವುದು ಆ ಹಿಂಬಾಗಿಲಿನಲ್ಲಿ. ಅಲ್ಲಿಂದಾಚೆ ನಡೆಯುವುದರ ಹೆಸರು ಡ್ರೇಯೇಜ್. ಡ್ರೇ ಎಂದರೆ ಒಂದು ಕಾಲದಲ್ಲಿ ಕುದುರೆಗಳು ಎಳೆಯುತ್ತಿದ್ದ ಗಾಡಿ. ಕುದುರೆ ಹೋಗಿ ಫೋರ್ಕ್‌ಲಿಫ್ಟ್ ಬಂದಿದೆ, ಹುರುಳಿಯ ಖರ್ಚು ಮಾತ್ರ ಉಳಿದುಕೊಂಡಿದೆ. ಈ ಸಾಗಾಟಕ್ಕೆ ಇಡೀ ಮೇಳಕ್ಕೆ ಒಬ್ಬನೇ ಅಧಿಕೃತ ಗುತ್ತಿಗೆದಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾವು ಬೇಸರದಿಂದ ಹೇಳುವುದನ್ನು ಅಲ್ಲಿ ದರಪಟ್ಟಿ ಮಾಡಿ ಅಚ್ಚು ಹಾಕಿಸಿ ಕೊಡುತ್ತಾರೆ.

ಆ ಪಟ್ಟಿಯ ಗಣಿತ ನಮ್ಮ ಮಗ್ಗಿಗೆ ಸಿಗುವಂಥದ್ದಲ್ಲ. ಲೆಕ್ಕ ನಡೆಯುವುದು 100 ಪೌಂಡಿಗೆ ಇಷ್ಟು ಎಂದು. ಅದರ ಮೇಲೆ ಒಂದು ಪೌಂಡ್ ಹೆಚ್ಚಾದರೂ ಮುಂದಿನ ನೂರಕ್ಕೆ ಬಡ್ತಿ. ಅನೇಕ ಮೇಳಗಳಲ್ಲಿ ಏನೇ ಬಂದರೂ ಕನಿಷ್ಠ 200 ಪೌಂಡಿನ, ಅಂದರೆ ಸುಮಾರು 90 ಕಿಲೋದ, ಕೂಲಿ ತೆರಬೇಕು. ಗೆಳೆಯರು 5 ಕಿಲೋ ಕರಪತ್ರಗಳನ್ನು ಕೊರಿಯರ್‌ನಲ್ಲಿ ತರಿಸಿಕೊಂಡಿದ್ದರು. ಬಾಗಿಲು ದಾಟುತ್ತಲೇ ಆ ಡಬ್ಬ 90 ಕಿಲೋ ತೂಗಿತು. ಅಂಥವೇ ಮೂರು ಡಬ್ಬಗಳು ಮೂರು ದಿನ ಬಂದಿದ್ದರೆ ಮೂರು 90. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಹೊರುವ ಹಮಾಲಿ ಅರ್ಧ ಮೂಟೆ ಇಳಿಸಿ ಒಂಬತ್ತು ಮೂಟೆಯ ಕೂಲಿ ಕೇಳಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಅಂದಹಾಗೆ, ಆ ಹಮಾಲಿಯ ಹಾಗೆಯೇ ಅಲ್ಲಿಯ ಕೆಲಸಗಾರನೂ ದುಡಿಯುತ್ತಾನೆ. ಬಿಲ್ಲಿನ ಮೊತ್ತ ಅವನ ಜೇಬಿಗೆ ಹೋಗುವುದಿಲ್ಲ.

ಭಾನುವಾರ ಸರಕು ಇಳಿಸಿದರೆ ಓವರ್‌ಟೈಮ್ ದರ. ಸೋಮವಾರ ಬರುತ್ತೇವೆ ಎನ್ನಿ ನೋಡೋಣ! ಒಳಗೆ ಬರಬೇಕಾದ ದಿನವನ್ನು ಗೊತ್ತುಮಾಡುವವರು ಮೇಳದವರೇ. ಅವರು ಭಾನುವಾರ ಎಂದರು, ಇವರು ಭಾನುವಾರ ಹೋದರು, ಭಾನುವಾರ ಹೋದ ತಪ್ಪಿಗೆ ದುಡ್ಡು ಕಟ್ಟಿದರು.

ಹಾಗಾದರೆ ನಾವೇ ಹೊತ್ತುಕೊಂಡು ಹೋಗುತ್ತೇವೆ ಎಂದರೆ? ಹೊರಬಹುದು, ಕೈಯಲ್ಲಿ. ಚಕ್ರವಿರುವ ತಳ್ಳುಗಾಡಿ ಹಲವು ಕಡೆ ನಿಷಿದ್ಧ. ಚಕ್ರ ಕಂಡುಹಿಡಿದು ಐದು ಸಾವಿರ ವರ್ಷಗಳಾದ ಮೇಲೆ, ಅತ್ಯಾಧುನಿಕ ಯಂತ್ರಗಳ ಮೇಳಕ್ಕೆ, ಕೋಟು ತೊಟ್ಟ ಎಂಜಿನಿಯರುಗಳು ಡಬ್ಬಗಳನ್ನು ಎದೆಗೆ ಅವುಚಿಕೊಂಡು ಜಾತ್ರೆಯ ಹರಕೆಯವರಂತೆ ನಡೆದುಬರುತ್ತಾರೆ. ಷಿಕಾಗೋದ ಮೆಕ್ಕಾರ್ಮಿಕ್ ಪ್ಲೇಸ್ ಎಂಬ ಬೃಹತ್ ಪ್ರದರ್ಶನ ಕೇಂದ್ರದಲ್ಲಿ ಮಳಿಗೆಯವರು ತಮ್ಮ ಮಳಿಗೆಯ ಸಣ್ಣಪುಟ್ಟ ಕೆಲಸವನ್ನು ತಾವೇ ಮಾಡಿಕೊಳ್ಳಲಿ ಎಂದು 2010ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆ ಕಾನೂನನ್ನೇ ತರಬೇಕಾಯಿತು. ಅದೂ ಕೋರ್ಟ್ ಮೆಟ್ಟಿಲೇರಿತು. ನಿಮ್ಮ ಸ್ಕ್ರೂ, ನಿಮ್ಮ ಸ್ಕ್ರೂಡ್ರೈವರ್, ನಿಮ್ಮ ಕೈ. ತಿರುಗಿಸಲು ಶಾಸಕರು ಕೈ ಎತ್ತಬೇಕು.

ಮೇಳದ ಕೊನೆಯ ಸಂಜೆಯ ಕಥೆಯೇ ಬೇರೆ. ಮೊದಲ ದಿನ ಖಾಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ ಎಲ್ಲಿಗೋ ಒಯ್ದಿರುತ್ತಾರೆ. ಅವು ಮರಳುವುದು ನಡೆದಾಡುವ ದಾರಿಯ ರತ್ನಗಂಬಳಿ ಸುತ್ತಿ ಮುಗಿದ ಮೇಲೆ. ಅಲ್ಲಿಯವರೆಗೆ ಕೋಟಿ ಬೆಲೆಯ ಯಂತ್ರಗಳ ಮಾಲೀಕರು ಬರಿನೆಲದಲ್ಲಿ ಕುಳಿತು, ಕೆಂಪು ಬಸ್ಸಿಗೆ ಕಾಯುವವರ ಹಾಗೆ, ಕತ್ತು ಉದ್ದಮಾಡಿ ತಮ್ಮ ಪೆಟ್ಟಿಗೆಯ ದಾರಿ ನೋಡುತ್ತಾರೆ. ಗೆಳೆಯರ ಪೆಟ್ಟಿಗೆ ಬಂದಾಗ ರಾತ್ರಿ ಹನ್ನೊಂದಾಗಿತ್ತು.

ಕರಪತ್ರಗಳಲ್ಲಿ ಅರ್ಧ ಹಾಗೇ ಉಳಿದಿದ್ದವು. ಹೊತ್ತು ತರಲು ಮನಸ್ಸಾಗದೆ ಅಲ್ಲೇ ಕಸದ ಡಬ್ಬಿಗೆ ಹಾಕಿದರಂತೆ. "ಹೊರಗೆ ಸಾಗಿಸುವ ಕೂಲಿ ಮಿಕ್ಕಿತಲ್ಲ" ಎಂದು ಸಮಾಧಾನ ಹೇಳಿದೆ. ಗೆಳೆಯರು ಬಿಲ್ಲಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ಒಳಗೆ ತರುವ ದರದಲ್ಲೇ ಹೊರಗೆ ಒಯ್ಯುವುದೂ ಸೇರಿತ್ತು.