ಅಂಗೈಯೊಳಗಿನ ಅಲಂಕಾರ

ಚಾಕುವಿನಲ್ಲಿ ದುಡಿಯುವುದು ಅಲಗು. ಆದರೆ ಯುರೋಪಿನ ಹಳೆಯ ಊಟದ ಚಾಕುಗಳನ್ನು ಮಾಡಿದವರ ಅಕ್ಕರೆಯೆಲ್ಲ ಹಿಡಿಯ ಪಾಲಿಗೇ ಹೋಗಿದೆ. ಆನೆಯ ದಂತ, ಹವಳ, ಅಂಬರ್ ಎಂಬ ಗಟ್ಟಿಯಾದ ಪುರಾತನ ಮರದಂಟು, ಅಗೇಟ್ ಕಲ್ಲು, ಮುತ್ತಿನ ಚಿಪ್ಪು, 18ನೇ ಶತಮಾನದಲ್ಲಿ ಜರ್ಮನಿಯ ಮೈಸೆನ್ ಊರಿನ ಪಿಂಗಾಣಿ, ಹೀಗೆ ಒಡವೆಗೆ ಸಲ್ಲಬೇಕಾದುದೆಲ್ಲ ಮಾಂಸ ಕೊಯ್ಯುವ ಸಾಧನಕ್ಕೆ ಸಂದಿದೆ. ತಮಾಷೆಯೆಂದರೆ, ಉಣ್ಣಲು ಕೈಗೆತ್ತಿಕೊಂಡೊಡನೆ ಆ ಸೊಗಸು ಅಂಗೈಯೊಳಗೆ ಮರೆಯಾಗುತ್ತದೆ. ಬೆರಳಿನಲ್ಲೇ ಅನ್ನ ಕಲಸುವ ನನಗೆ ಇದು ಬಹುಕಾಲ ಒಗಟಾಗಿತ್ತು.

ಆ ಕಾಲದ ರೂಢಿ ತಿಳಿದ ಮೇಲೆ ಒಗಟು ಬಿಡಿಸಿಕೊಂಡಿತು. 17ನೇ ಶತಮಾನದವರೆಗೂ ಔತಣಕ್ಕೆ ಬಂದವರು ಸಾಮಾನ್ಯವಾಗಿ ತಮ್ಮ ಚಾಕುವನ್ನು ತಾವೇ ತರುತ್ತಿದ್ದರು. ಸೊಂಟದ ಒರೆಯಲ್ಲಿ ಅಲಗು ಅಡಗಿರುತ್ತಿತ್ತು, ನಾಲ್ಕು ಜನರ ಕಣ್ಣಿಗೆ ಬೀಳುತ್ತಿದ್ದುದು ಹಿಡಿಯೊಂದೇ. 14ನೇ ಶತಮಾನದ ಫ್ರಾನ್ಸಿನ ಅರಮನೆಯಲ್ಲಂತೂ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆ ಕರಿಮರದ ಹಿಡಿ, ಹಬ್ಬಕ್ಕೆ ಬೆಳ್ಳನೆಯ ದಂತದ ಹಿಡಿ ಎಂದು ಬೇರೆ ಬೇರೆ ಚಾಕುಗಳಿದ್ದವು. ಅರಸನ ಜೊತೆಗೆ ಚಾಕುವೂ ವ್ರತ ಹಿಡಿಯುತ್ತಿತ್ತು. ಅಪರೂಪಕ್ಕೆ ಅಲಗಿಗೂ ಅದೃಷ್ಟ ಖುಲಾಯಿಸಿದ್ದುಂಟು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ 16ನೇ ಶತಮಾನದ ಇಟಲಿಯ ಚಾಕುವೊಂದರ ಅಗಲವಾದ ಅಲಗಿನ ಮೇಲೆ ಸಂಗೀತದ ಸ್ವರಲಿಪಿಯೇ ಇದೆ: ಒಂದು ಮಗ್ಗುಲಲ್ಲಿ ಊಟಕ್ಕೆ ಮುಂಚಿನ ಪ್ರಾರ್ಥನೆ, ಇನ್ನೊಂದರಲ್ಲಿ ಊಟವಾದ ಮೇಲಿನ ಕೃತಜ್ಞತೆ.

ಇಷ್ಟು ಚೆಂದದ ವಸ್ತುವನ್ನು ತೊಳೆಯುವವರ ಪಾಡನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ. ಬಿಸಿನೀರು ತಾಗಿದರೆ ದಂತ ಸೀಳು ಬಿಡುತ್ತದೆ. ಬೆಳ್ಳಿಯ ಹಿಡಿಯೆಂದರೆ ಬಹುಪಾಲು ತೆಳುವಾದ ತಗಡು. ಒಳಗೆ ತುಂಬಿದ ರಾಳ ಕಾವಿಗೆ ಮೆತ್ತಗಾದರೆ ಅಲಗೇ ಸಡಿಲವಾಗಿ ಅಲ್ಲಾಡತೊಡಗುತ್ತದೆ. ಆದ್ದರಿಂದ 19ನೇ ಶತಮಾನದ ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಹೂಜಿಯೊಂದಕ್ಕೆ ಅಲಗು ಮುಳುಗುವಷ್ಟೇ ಬಿಸಿನೀರು ಹಾಕಿ, ಹಿಡಿಗಳು ನೆನೆಯದಂತೆ ಚಾಕುಗಳನ್ನು ನಿಲ್ಲಿಸುತ್ತಿದ್ದರು. ಹುಳಿ ತಾಗಿ ಕಪ್ಪಾಗುವ ಆ ಉಕ್ಕನ್ನು ಇಟ್ಟಿಗೆಯಂಥ ಪುಡಿ ಹಚ್ಚಿ ಹಲಗೆಗೆ ತಿಕ್ಕಿ ಬೆಳಗಬೇಕಾಗಿತ್ತು. ತಿಕ್ಕಿದಷ್ಟೂ ಅಲಗು ಸವೆಯುತ್ತಿತ್ತು. ಹಣ್ಣು ಹೆಚ್ಚಲು ಬೆಳ್ಳಿಯ ಅಲಗಿಗೆ ಮುತ್ತಿನ ಚಿಪ್ಪಿನ ಹಿಡಿ ಜೋಡಿಸಿದ ಪುಟ್ಟ ಚಾಕು ಹುಟ್ಟಿದ್ದರಲ್ಲಿ ಸಿರಿವಂತಿಕೆಯ ಜೊತೆಗೆ ಈ ಹುಳಿಯ ಕಾಟವೂ ಇದೆ. ಚಾಕು ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಲೋಹತಜ್ಞ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ರೂಪಿಸಿದ್ದು 1913ರಲ್ಲಿ. ಅಲ್ಲಿಯವರೆಗೆ ಅಲಗಿಗೂ ಕೆಲಸದವರಿಗೂ ಬಿಡುವಿರಲಿಲ್ಲ.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಹವಳವೂ ಅಲ್ಲ, ದಂತವೂ ಅಲ್ಲ. ಶೆಫೀಲ್ಡಿನ ಕಸುಬುದಾರರು ಮಾಂಸ ಕೊಯ್ಯುವ ದೊಡ್ಡ ಚಾಕುಗಳಿಗೆ ಕೂರಿಸುತ್ತಿದ್ದ ಕೊಂಬಿನ ಹಿಡಿ ಅದು. ಅದಕ್ಕೆ ಭಾರತದ ಕಾಡುಗಳಿಂದ ಕಡವೆಯ ಕೊಂಬು ಹಡಗು ಹತ್ತಿ ಹೋಗುತ್ತಿತ್ತು. ಗಟ್ಟಿಯಾದ ಆ ಕೊಂಬಿನ ಒರಟು ಮೈ ಎಣ್ಣೆಗೈಯಲ್ಲೂ ಜಾರುವುದಿಲ್ಲವೆಂದು ಅದರ ಗೀರುಗಳನ್ನು ಹಾಗೆಯೇ ಉಳಿಸಿಕೊಂಡರು. ಹಾಗಾಗಿ ಆ ಹಿಡಿಯ ಹೊಳಪಿನಲ್ಲಿ ಅರ್ಧ ಪಾಲು, ಎಂದೋ ಕಾಡಿನ ಮರಕ್ಕೆ ಕೊಂಬು ಉಜ್ಜಿದ ಕಡವೆಯದು.