ಕೊಲ್ಹಾಪುರದ ಟೌನ್ ಹಾಲ್ ತೋಟ: ಕಲ್ಲು ಓದಲು ಬಿಸಿಲು ಬೇಕು

ಮಹಾಲಕ್ಷ್ಮಿ ದರ್ಶನ, ರಂಕಾಳ ಕೆರೆ, ಒಂದು ಜೋಡಿ ಚಪ್ಪಲಿ, ಮತ್ತೆ ನಿಪ್ಪಾಣಿ ಬಸ್ಸು. ಗಡಿಭಾಗದ ನಮ್ಮ ಜನರ ಕೊಲ್ಹಾಪುರ ಬಹುತೇಕ ಇಷ್ಟಕ್ಕೇ ಮುಗಿಯುತ್ತದೆ. ಸಿ.ಪಿ.ಆರ್. ಆಸ್ಪತ್ರೆಯ ಎದುರು ಮರಗಳ ಮರೆಯಲ್ಲಿರುವ ಟೌನ್ ಹಾಲ್ ತೋಟಕ್ಕೆ ಕಾಲಿಡುವವರು ಕಡಿಮೆ. ಕಟ್ಟಡ 1870ರ ದಶಕದ್ದು, ಬ್ರಿಟಿಷ್ ವಾಸ್ತುಶಿಲ್ಪಿ ಚಾರ್ಲ್ಸ್ ಮಾಂಟ್ ವಿನ್ಯಾಸ. ಈಗ ಅದೇ ಮ್ಯೂಸಿಯಂ. ಊರಿನ ಬ್ರಹ್ಮಪುರಿ ದಿಬ್ಬ ಅಗೆದಾಗ ಸಿಕ್ಕ, ಗ್ರೀಕರ ಸಮುದ್ರದೇವ ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ ಈ ಸಂಗ್ರಹದ್ದೇ. ಆದರೂ ಒಳಗೆ ಹೋಗುವ ಮೊದಲು ಹೊರಗಿನ ತೋಟ ನೋಡಿ ಅನ್ನುತ್ತೇನೆ.

ಅಲ್ಲಿರುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ದನಗಳಿದ್ದರೆ ಅದು ತುರುಗಾಳಗ, ಹಿಂಡು ಉಳಿಸಲು ಹೋಗಿ ಸತ್ತವನ ಕಲ್ಲು. ಅದರ ಮೇಲಿನ ಪಟ್ಟಿಕೆಯಲ್ಲಿ ಕಾಳಗ, ಆಮೇಲೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಲಿಂಗಪೂಜೆ, ಸೂರ್ಯ ಚಂದ್ರ. ಮೊಣಕೈ ಮಡಚಿದ ಬಳೆ ತೊಟ್ಟ ಕೈ ಕಂಡರೆ ಅದು ಮಾಸ್ತಿಯ, ಅಂದರೆ ಗಂಡನ ಚಿತೆ ಏರಿದವಳ ಗುರುತು. ಈ ಕಡೆಯ ವೀರಗಲ್ಲುಗಳಲ್ಲಿ ಹೆಚ್ಚಿನವಕ್ಕೆ ಬರಹವಿಲ್ಲ, ಚಿತ್ರವನ್ನೇ ಓದಬೇಕು. ಇಲ್ಲಿ ಆಳಿದ ಶಿಲಾಹಾರರು ಕನ್ನಡದಲ್ಲೂ ಶಾಸನ ಹಾಕಿಸಿದವರು. ಹಾಗಾಗಿ ಇದು ನಮಗೆ ಪರವೂರಿನ ಕಲೆಯಲ್ಲ.

ಕರಿಗಲ್ಲಿನ ಮೇಲಿನ ಸವೆದ ಕೆತ್ತನೆ ಎದುರು ಬಿಸಿಲಿಗೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಓರೆಯಾಗಿ ಬೀಳಬೇಕು, ಆಗಲೇ ಉಬ್ಬಿನ ಬದಿಗೆ ನೆರಳು ಕೂತು ಕತ್ತಿಯ ಅಂಚು, ಕುದುರೆಯ ಲಗಾಮು ಎದ್ದು ಬರುತ್ತವೆ. ಪೂರ್ವಕ್ಕೆ ಮುಖ ಮಾಡಿದ ಕಲ್ಲನ್ನು ಹನ್ನೊಂದರಿಂದ ಹನ್ನೆರಡರೊಳಗೆ ನೋಡಿ, ದಕ್ಷಿಣಕ್ಕೆ ಮುಖವಿದ್ದರೆ ಚಳಿಗಾಲದಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಅಥವಾ ಸಂಜೆ. ಉತ್ತರಕ್ಕೆ ತಿರುಗಿದ ಕಲ್ಲಿಗೆ ಚಳಿಗಾಲದಲ್ಲಿ ನೇರ ಬಿಸಿಲೇ ಇಲ್ಲ. ಆಗ ಜೊತೆಗಿದ್ದವರ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಒಂದು ಗೇಣು ದೂರದಲ್ಲಿ ಹಿಡಿಸಿ ಫೋಟೋ ತೆಗೆಯಿರಿ. ಮುಂದಿನಿಂದ ಫ್ಲ್ಯಾಶ್ ಹೊಡೆದರೆ ಇದ್ದ ನೆರಳೂ ಹೋಗುತ್ತದೆ.

ಗೆರೆ ಕಾಣಲೆಂದು ಸೀಮೆಸುಣ್ಣ ತಿಕ್ಕಬೇಡಿ, ಪುಡಿ ಕಲ್ಲಿನ ರಂಧ್ರಗಳಲ್ಲಿ ಕೂತುಬಿಡುತ್ತದೆ. ಭಕ್ತಿಯಿಂದ ಎಣ್ಣೆ ಕುಂಕುಮ ಹಚ್ಚುವುದೂ ಬೇಡ. ಎಣ್ಣೆಗೆ ಧೂಳು ಹತ್ತಿ ಪದರ ಗಟ್ಟಿಯಾದರೆ ಉಳಿಯ ಗುರುತು ಅದರಡಿ ಮುಚ್ಚಿಹೋಗುತ್ತದೆ. ಆಮೇಲೆ ಯಾರೋ ತಂತಿ ಬ್ರಷ್ಷಿನಿಂದ ಕೆರೆದರೆ ಮೂಗು ಕಣ್ಣು ಪೂರ್ತಿ ಹೋದಂತೆ. ಇಂಥ ಮುಖಗಳನ್ನು ಊರೂರ ಗುಡಿ ಅಂಗಳದಲ್ಲಿ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಸೋಮವಾರ ಮ್ಯೂಸಿಯಂಗೆ ರಜೆ, ಬೇರೆ ದಿನ ಹೊರಡಿ. ತೋಟಕ್ಕೇ ಒಂದು ತಾಸು ಇಟ್ಟುಕೊಳ್ಳಿ.